ಐದೈದರ ಸಾಲು

ಸಿಳ್ಳೆ ಕೇಳಿದಾಗ ಎಟೆಲ್ ಸೈನಿಕರ ಅಡುಗೆಮನೆಯ ಹಿಂದೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಮರುಗಳಿಗೆಯಲ್ಲಿ ಮೈದಾನದಲ್ಲಿ ನಿಂತಿದ್ದಳು. ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು, ಕೈಗಳು ತೊಡೆಗೆ ಅಂಟಿಕೊಂಡಿದ್ದವು, ಕಣ್ಣು ನೆಲದ ಮೇಲಿತ್ತು. ನಡುವೆ ಓಡಿ ಬಂದದ್ದೇ ಅವಳಿಗೆ ನೆನಪಿರಲಿಲ್ಲ.

ಯಹೂದಿ ಹೆಂಗಸರನ್ನು ಕೂಡಿಹಾಕಿದ್ದ ಆ ಶಿಬಿರದ ಜರ್ಮನ್ ಕಾವಲುಗಾರರು ಓಡಿಹೋಗಿ ಆಗಲೇ ಮೂರು ವಾರವಾಗಿತ್ತು. ಸಿಳ್ಳೆ ಊದಿದವನು ಜರ್ಮನನೂ ಅಲ್ಲ. ಬಿಡಿಸಲು ಬಂದ ರಷ್ಯನ್ನರ ಕಡೆಯವನೇ, ಚಲನಚಿತ್ರ ತೆಗೆಯಲೆಂದು ಆ ಬೆಳಿಗ್ಗೆಯಷ್ಟೇ ಬಂದಿಳಿದ ಕ್ಯಾಪ್ಟನ್ ಲುಕ್ಯಾನೊವ್. ಅಲ್ಲೊಬ್ಬರು ಇಲ್ಲೊಬ್ಬರು ಚದುರಿದ್ದ ಹೆಂಗಸರನ್ನು ಸುಮ್ಮನೆ ಒಂದು ಕಡೆ ಸೇರಿಸಲು ಊದಿದ್ದ. ಎರಡೇ ನಿಮಿಷದಲ್ಲಿ ಇನ್ನೂರು ಚಿಲ್ಲರೆ ಹೆಂಗಸರು ಐದೈದರ ಸಾಲಿನಲ್ಲಿ ಗೆರೆ ಎಳೆದ ಹಾಗೆ ನಿಂತದ್ದು ಕಂಡು ಅವನಿಗೆ ಖುಷಿಯೋ ಖುಷಿ. ಎಂಥ ಶಿಸ್ತು ನೋಡು ಎಂದು ಕ್ಯಾಮೆರಾದವನಿಗೆ ಹೇಳಿದ.

ಎಟೆಲ್ ಮುಕಾಚೆವೊ ಊರಿನ ದರ್ಜಿ. ಸಂತೆಗೆ ಬರುವ ರೈತರ ಜೊತೆ ಚೌಕಾಸಿ ಮಾಡಿ ಮಾಡಿ ರಷ್ಯನ್ ಅವಳಿಗೆ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದರೇ ಚೆನ್ನಾಗಿತ್ತು. ಚಿತ್ರಕ್ಕಾಗಿ ಶಿಬಿರದ ಹೆಬ್ಬಾಗಿಲನ್ನು ಮತ್ತೆ ಮುಚ್ಚಬೇಕಂತೆ. ಸೈನಿಕರು ಬಂದು ತೆರೆಯಬೇಕಂತೆ. ಇವರೆಲ್ಲ ನಗುನಗುತ್ತಾ ಓಡಿಬಂದು ಅವರನ್ನು ತಬ್ಬಿಕೊಳ್ಳಬೇಕಂತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆ ಕೇಳಿದ್ದೇವೆ, ಹಾಕಿದ್ದನ್ನು ಕಣ್ಣಾರೆ ನೋಡುವ ಭಾಗ್ಯ ಇವಳದ್ದಾಯಿತು. ಬಿಡುಗಡೆಯಾದ ದಿನ ಆ ಬಾಗಿಲಿನಿಂದ ಯಾರೂ ಬಂದಿರಲಿಲ್ಲ. ಒಬ್ಬ ಸೈನಿಕ ಹಿಂದಿನ ಬೇಲಿ ಕತ್ತರಿಸಿ ಒಳಬಂದಿದ್ದ, ಮಲಗಿದ್ದವರು ಮಲಗಿಯೇ ಇದ್ದರು. ಎಟೆಲ್ ಅವನನ್ನು ಕೇಳಿದ್ದು ಒಂದೇ ಮಾತು, ಒಣಗಿದ ಕಾಲುಚೀಲ ಇದೆಯಾ ಎಂದು.

ಅವಳು ಮೆಲ್ಲಗೆ ಕತ್ತು ತಿರುಗಿಸಿದಳು. ಮೂರನೆಯ ಸಾಲಿನಲ್ಲಿ ಅಕ್ಕ ಫ್ರೂಮಾ ನಿಂತಿದ್ದಳು. ಟೈಫಸ್ ಜ್ವರ ಇಳಿದು ನಾಲ್ಕು ದಿನವೂ ಆಗಿರಲಿಲ್ಲ. ಹಾಸಿಗೆಯಿಂದ ಎಬ್ಬಿಸಿದರೆ ಇವಳ ಗುಂಡಿಗೆ ತಡೆಯದು ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. ಸಿಳ್ಳೆ ಕೇಳಿದ್ದೇ ತಡ, ಪಕ್ಕದ ಹಾಸಿಗೆಯ ಇಬ್ಬರು ಅವಳನ್ನು ಎಳೆತಂದು ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದ್ದರು. ಜರ್ಮನ್ನರ ಕಾಲದಲ್ಲಿ ಸಿಳ್ಳೆ ಊದಿದಾಗ ಎಣಿಕೆಗೆ ಬಾರದವರು ಏನಾಗುತ್ತಿದ್ದರೆಂದು ಅವರಿಗೆ ಗೊತ್ತಿತ್ತು. ಫ್ರೂಮಾಳ ಬರಿಗಾಲುಗಳು ಹಿಮದ ಮೇಲಿದ್ದವು.

ಎಟೆಲ್‌ಗೆ ಮೈಯೆಲ್ಲ ಉರಿದುಹೋಯಿತು. ಸಿಳ್ಳೆಗೆ ತಾವಾಗಿ ಓಡಿಬಂದ ತನ್ನ ಕಾಲುಗಳ ಮೇಲೂ ಅಷ್ಟೇ ಸಿಟ್ಟು ಬಂತು. ಸಾಲು ಬಿಟ್ಟು ನೇರವಾಗಿ ಕ್ಯಾಪ್ಟನ್ನನ ಎದುರಿಗೆ ಹೋದಳು.

"ಇದ್ಯಾಕ್ ಊದಿದ್ರಿ?"

ಜಾಗಕ್ಕೆ ಹೋಗಿ ನಿಲ್ಲಲು ಅವನು ನಯವಾಗಿಯೇ ಹೇಳಿದ. ಬೆಳಕು ಹೋಗುತ್ತಿದೆ ಎಂದ. "ಲೋಕಕ್ಕೆ ತೋರಿಸ್ಬೇಕಲ್ಲ ತಂಗಿ. ನೀವು ಒಂದ್ಚೂರು ನಕ್ರೆ ಸಾಕು."

"ಲೋಕ ಇಷ್ಟ್ ದಿನ ಎಲ್ಲಿತ್ತು? ನಾವು ನಗೋದನ್ನ ನೋಡೋಕೆ ಈಗ್ ಬರತ್ತಾ? ಅಲ್ಲಿ ನಿಂತಿದಾಳಲ್ಲ, ನಮ್ಮಕ್ಕ. ಸಾಯೋಕ್ ಬಿದ್ದೋಳು ಎದ್ದು ಬಂದಿದಾಳೆ ನಿಮ್ಮ ಸಿಳ್ಳೆಗೆ. ಅದನ್ನ ತೋರ್ಸಿ."

ಕ್ಯಾಪ್ಟನ್ ಫ್ರೂಮಾಳ ಕಡೆ ನೋಡಿದ. ಆಮೇಲೆ ಅವಳ ಪಾದಗಳನ್ನು ನೋಡಿದ. ಅವನ ಮುಖ ಪೆಚ್ಚಾಯಿತು. ಸಿಳ್ಳೆ ಜೇಬಿಗೆ ಹಾಕಿಕೊಂಡು, ಚಿತ್ರ ಬೇಡ, ಎಲ್ಲರೂ ಒಳಗೆ ಹೋಗಿ ಎಂದು ಗಟ್ಟಿಯಾಗಿ ಕೂಗಿದ. ಎಟೆಲ್ ಅದನ್ನು ತಮ್ಮವರ ಮನೆಮಾತಾದ ಯಿಡ್ಡಿಷಿನಲ್ಲೂ ಹಂಗೇರಿಯನ್ನಿನಲ್ಲೂ ಕೂಗಿ ಹೇಳಿದಳು.

ಒಬ್ಬರೂ ಕದಲಲಿಲ್ಲ.

ಅವಳು ಓಡಿಹೋಗಿ ತೋಳು ಹಿಡಿದರೆ ಫ್ರೂಮಾ ಕಲ್ಲಿನ ಹಾಗೆ ಬಿಗಿದು ನಿಂತಳು.

"ಎಣಿಸ್ಲಿಲ್ವಲ್ಲೇ ಎಟೆಲ್. ಒಬ್ರು ಕಮ್ಮಿ ಬಂದ್ರೆ ರಾತ್ರಿಯೆಲ್ಲಾ ನಿಲ್ಲಿಸ್ತಾರೆ ಎಲ್ರನ್ನೂ."

ಆ ಎಣಿಕೆಯನ್ನು ಎಟೆಲ್ ದ್ವೇಷಿಸಿದಷ್ಟು ಹಸಿವನ್ನೂ ದ್ವೇಷಿಸಿರಲಿಲ್ಲ. ಆದರೂ ತಿರುಗಿ ಬಂದು ಕ್ಯಾಪ್ಟನ್ನನ ತೋಳು ಹಿಡಿದು ಮೊದಲ ಸಾಲಿನ ಮುಂದೆ ನಿಲ್ಲಿಸಿದಳು. "ನಿಲ್ಲಿಸಿದೋರು ನೀವು. ನೀವೇ ಎಣಿಸಿ ಬಿಡಿ."

ಎಟೆಲ್ ತನ್ನ ಜಾಗಕ್ಕೆ ಮರಳಿ ನಿಂತಳು, ಅವನು ಎಣಿಸಿದ. ಸಾಲಿನಿಂದ ಸಾಲಿಗೆ ನಡೆಯುತ್ತಾ ಐದು, ಹತ್ತು, ಹದಿನೈದು ಎಂದು ಹೇಳುವಾಗ ಅವನ ದನಿ ಉಡುಗುತ್ತಾ ಹೋಯಿತು. ಫ್ರೂಮಾಳ ಸಾಲು ದಾಟುವಾಗ ತಲೆ ಎತ್ತಲಿಲ್ಲ. ಕ್ಯಾಮೆರಾದವನು ಯಂತ್ರಕ್ಕೆ ಬಟ್ಟೆ ಮುಚ್ಚಿ ಬೇರೆಲ್ಲೋ ನೋಡುತ್ತಾ ನಿಂತಿದ್ದ. ಕೊನೆಯ ಸಾಲಿನಲ್ಲಿ ಮೂವರೇ ಇದ್ದರು. ಒಟ್ಟು ಇನ್ನೂರ ಮೂರು.

"ಲೆಕ್ಕ ಸರಿಹೋಯ್ತಾ?" ಫ್ರೂಮಾ ಕೇಳಿದಳು.

ಕ್ಯಾಪ್ಟನ್‌ಗೆ ಅವಳ ಭಾಷೆ ತಿಳಿಯಲಿಲ್ಲ. ಎಟೆಲ್ ಅದನ್ನು ಅವನಿಗೆ ಹೇಳಿದಳು. ಅವನು ಪಾಪ, ಸಹಜವಾಗಿ ಕೇಳಿಬಿಟ್ಟ:

"ಎಷ್ಟಿರ್ಬೇಕಿತ್ತು?"

ಎಟೆಲ್ ಸಾಲುಗಳ ಮೇಲೆ ಕಣ್ಣಾಡಿಸಿದಳು. ಸುತ್ತಲೂ ಹೆಂಗಸರು ಉಸಿರು ಹಿಡಿದು ಕಾಯುತ್ತಿದ್ದರು.

"ನಮ್ಮ ಬೀದಿಯಿಂದಲೇ ಇದಕ್ಕಿಂತ ಜಾಸ್ತಿ ಜನ ಬಂದಿದ್ವಿ," ಎಂದು ಅವನಿಗೆ ರಷ್ಯನ್ನಿನಲ್ಲಿ ಹೇಳಿದಳು. ಆಮೇಲೆ ಅಕ್ಕನ ಕಡೆ ತಿರುಗಿ, "ಸರಿಯಾಗಿದೆ ಅಕ್ಕ, ಎಲ್ರೂ ಇದೀವಿ," ಎಂದಳು.

ಆಗ ಫ್ರೂಮಾ ತಂಗಿಯ ಕಡೆ ಕೈ ಚಾಚಿದಳು. ಎಟೆಲ್ ಅವಳನ್ನು ಬೆನ್ನಿಗೆ ಹಾಕಿಕೊಂಡಳು. ಹೆಂಗಸರು ಸಾಲು ಮುರಿಯದೆಯೇ, ಐದೈದು ಜನರಾಗಿ, ಬಾಗಿಲಿಗೆ ಬೆನ್ನು ಮಾಡಿ ಒಳಗೆ ನಡೆದರು.