ತಾರಿಣಿ ಬಂದ ಮನೆ

ಸುಚೇತಾ ತೊಟ್ಟಿಲ ಹಗ್ಗಕ್ಕೆ ಕೈಯಿಟ್ಟಳು. ಹಾಡು ಅಲ್ಲಿಗೇ ನಿಂತಿತು.

ಜೋಗುಳದ ನುಡಿ ಇನ್ನೂ ಅರ್ಧ ಉಳಿದಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಜ್ಯೋತ್ಸ್ನಾಳ ಅತ್ತೆ ಗೋದಾಬಾಯಿ, ಮೊಮ್ಮಗನ ಹೆಸರಿಡುವುದಕ್ಕೆಂದು ರಾಮದುರ್ಗದಿಂದ ಸವದತ್ತಿಗೆ ಬಂದವರು, ಎದ್ದು ಬಂದು ಸುಚೇತಾಳ ಬೆರಳುಗಳನ್ನು ಹಗ್ಗದಿಂದ ಮೆಲ್ಲಗೆ ಬಿಡಿಸಿದರು.

"ನೀ ಕೂಡವಾ, ದೂರದಿಂದ ಬಂದು ದಣದೀದಿ. ನಾವ ತೂಗತೀವಿ."

ಮಾತು ನಯವಾಗಿಯೇ ಇತ್ತು. ಆದರೆ ಆಮೇಲೆ ಅವರು ತಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡದ್ದನ್ನು ಸುಚೇತಾ ನೋಡಿದಳು.

ಹೋದ ವರ್ಷ ಊರಿಗೆ ಬಂದಾಗ ಹೀಗಿರಲಿಲ್ಲ. 'ಛಾಯಾಪುರ' ಧಾರಾವಾಹಿಯಲ್ಲಿ ಅವಳು ತಾರಿಣಿ. ಕಳ್ಳತನ, ಪುಂಡಾಟ ಮಾಡುವವಳು, ಪೊಲೀಸರಿಗೂ ಮಂತ್ರವಾದಿಗಳಿಗೂ ಬಗ್ಗದವಳು. ಆದರೆ ದೆವ್ವಗಳ ಬೆನ್ನುಹತ್ತಿ ಊರಿನ ಮಕ್ಕಳನ್ನು ಕಾಯುವವಳು. ಆಗ ಬಸ್ ನಿಲ್ದಾಣದಿಂದ ಮನೆ ಮುಟ್ಟುವಷ್ಟರಲ್ಲಿ ಅವಳ ಬೆನ್ನಿಗೆ ಮಕ್ಕಳ ಹಿಂಡೇ ಬಿದ್ದಿತ್ತು. ಇದೇ ಗೋದಾಬಾಯಿ ಅವಳನ್ನು ರಾಮದುರ್ಗಕ್ಕೆ ಕರೆಸಿಕೊಂಡು, ಓಣಿಯವರಿಗೆಲ್ಲ ತೋರಿಸಿ, ಉಡಿ ತುಂಬಿ ಕಳಿಸಿದ್ದರು.

ಆಮೇಲೆ ನೋಡುವವರು ಕಡಿಮೆಯಾದರು, ಚಾನೆಲ್ಲಿನವರು ಕಥೆ ತಿರುಗಿಸಿದರು. ಊರನ್ನು ಉಳಿಸಲು ತಾರಿಣಿ ಕತ್ತಲನ್ನು ತನ್ನ ಮೈಯೊಳಕ್ಕೆ ಕರೆದುಕೊಂಡಳು; ಕತ್ತಲು ಮತ್ತೆ ಹೊರಗೆ ಹೋಗಲಿಲ್ಲ. ಮೊದಲು, ತನ್ನನ್ನು ನಂಬಿದ್ದ ಗೆಳೆಯನನ್ನು ಕೊಂದಳು. ಹೋದ ವಾರ ತೊಟ್ಟಿಲ ಮೇಲೆ ಬಗ್ಗಿ ಒಂದು ಕೂಸಿನ ಉಸಿರು ಕುಡಿದಳು. ತೊಟ್ಟಿಲಲ್ಲಿ ಇದ್ದದ್ದು ಬಟ್ಟೆಯ ಗೊಂಬೆ. ಶಾಟ್ ಮುಗಿದಾಗ ನಿರ್ದೇಶಕ ಎದ್ದುನಿಂತು ಚಪ್ಪಾಳೆ ತಟ್ಟಿದ್ದ. ಇಷ್ಟು ಚೆನ್ನಾಗಿ ತಾನು ಎಂದೂ ಮಾಡಿಲ್ಲವೆಂದು ಸುಚೇತಾಳಿಗೂ ಅನಿಸಿತ್ತು. ಒಳ್ಳೆಯ ತಾರಿಣಿಯ ಮಾತುಗಳನ್ನು ಅವಳು ಉರುಹೊಡೆಯಬೇಕಾಗುತ್ತಿತ್ತು. ಈ ತಾರಿಣಿಯ ಮಾತುಗಳು ತಾವಾಗಿ ನಾಲಿಗೆಗೆ ಬರುತ್ತಿದ್ದವು.

ಊಟದ ಪಂಕ್ತಿ ಎದ್ದ ಮೇಲೆ ಅಡುಗೆಮನೆಯಲ್ಲಿ ತಾಯಿ ರಾಧಾಬಾಯಿ ದನಿ ತಗ್ಗಿಸಿ ಕೇಳಿದರು. "ಅಂಥಾ ಪಾತ್ರ ಯಾಕ ಒಪ್ಕೊಂಡೀ ಸುಚೀ?"

"ಒಲ್ಲೆ ಅಂದ್ರ ಬ್ಯಾರೆಯವರನ್ನ ತೊಗೋತಿದ್ರು."

"ತೊಗೊಳ್ಳಿ ಬಿಡು. ಬಣ್ಣ ತೊಳಕೊಂಡ್ರ ಹೋಗ್ತದ ಅಂತ ನಿನಗ ಗೊತ್ತು, ನನಗ ಗೊತ್ತು. ಮಂದಿಗೇನು ಗೊತ್ತು?"

ಅಂದೇ ರಾತ್ರಿ ಕೂಸಿನ ಮೈ ಸುಡತೊಡಗಿತು. ಮೂರು ತಿಂಗಳ ಹಸುಳೆ, ಹಾಲು ಬಾಯಿಗಿಟ್ಟರೆ ಮುಖ ತಿರುಗಿಸಿ ಚೀರಿತು. ಬೆಳಗ್ಗೆ ಡಾಕ್ಟರು ನೋಡಿ, ನಿನ್ನೆ ಅಷ್ಟು ಜನರ ಕೈಯಲ್ಲಿ ಓಡಾಡಿದೆಯಲ್ಲ, ನೆಗಡಿಯ ಜ್ವರ, ಈ ಹನಿ ಹಾಕಿ, ಇಳಿಯುತ್ತದೆ ಎಂದರು. ಹನಿ ಹಾಕಿದ ಮೇಲೂ ಗೋದಾಬಾಯಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಇಳಿಸಿ ಕೆಂಡಕ್ಕೆ ಹಾಕಿದರು. ಎಲ್ಲರೂ ಕಾದರು. ಯಾರಿಗೂ ಕೆಮ್ಮು ಬರಲಿಲ್ಲ.

"ನೋಡ್ರಿ ರಾಧಾಬಾಯಿ, ಘಾಟ ಬರಲಿಲ್ಲ. ದೃಷ್ಟಿ ಹತ್ತೇದ. ಯಾರದು ಅಂತ ನಾ ಬಾಯಿಬಿಟ್ಟು ಹೇಳಬೇಕೇನು?"

"ಅಕಿ ನನ್ನ ಅಕ್ಕ ಇದ್ದಾಳ್ರಿ ಅತ್ತೀ," ಜ್ಯೋತ್ಸ್ನಾ ಅಂದಳು. ರಾತ್ರಿ ನಿದ್ದೆಯಿಲ್ಲದೆ ಅವಳ ಕಣ್ಣು ಕೆಂಪಾಗಿದ್ದವು. "ಟೀವಿಯೊಳಗಿಂದು ಖರೇ ಏನ್ರಿ?"

"ಖರೇನೋ ಸುಳ್ಳೋ, ಕೂಸಿನ ಉಸಿರು ಕುಡದ ಬಾಯಿ ಅದು. ಇವತ್ತ ಅಕಿ ಇಲ್ಲಿಂದ ಹೋಗಬೇಕು. ಇಲ್ಲಾ ನಾ ಮೊಮ್ಮಗನ್ನ ಕರ್ಕೊಂಡು ಹೋಗ್ತೀನಿ."

ಪಡಸಾಲೆಯ ಖುರ್ಚಿಯಲ್ಲಿ ಕೂತಿದ್ದ ತಂದೆ ವೆಂಕಣ್ಣ ಪೇಪರನ್ನು ಇನ್ನಷ್ಟು ಎತ್ತರಕ್ಕೆ ಹಿಡಿದರು.

ಜ್ಯೋತ್ಸ್ನಾ ಅಳುವ ಕೂಸನ್ನು ತೊಟ್ಟಿಲಿಂದ ಎತ್ತಿ ನೇರ ಸುಚೇತಾಳ ಕೈಗೆ ಕೊಟ್ಟಳು. "ಹಿಡಿ ಅಕ್ಕಾ. ಎಲ್ಲಾರೂ ನೋಡಲಿ."

ಸುಚೇತಾ ಅದನ್ನು ಎದೆಗವಚಿಕೊಂಡಳು. ಬಂದಾಗಿನಿಂದ ಮೊದಲ ಸಲ ಸಿಕ್ಕಿತ್ತು. ಬಿಸಿ ತಲೆ ಅವಳ ಕೊರಳಿಗೆ ಒರಗಿತು. ಬೆನ್ನು ಸವರಿದಳು, ಕಿವಿಯ ಬಳಿ ಏನೋ ಗುನುಗಿದಳು. ಕೂಸು ಒಮ್ಮೆ ಬಿಕ್ಕಿ, ಸುಮ್ಮನಾಗಿ, ಕಣ್ಣು ಮುಚ್ಚಿತು.

"ಹೆಂಗ ಸುಮ್ಮನಾತು ನೋಡ್ರಿ!" ಗೋದಾಬಾಯಿ ಚೀರಿದರು. "ಜ್ಯೋತ್ಸ್ನಾ, ಉಸಿರದ ಏನು ನೋಡ! ಬಿಡ ಅದನ್ನ, ಪಿಶಾಚೀ!"

ಅವರು ಕೂಸಿನ ಕಾಲು ಹಿಡಿದು ಎಳೆದರು. ಸುಚೇತಾಳ ಒಳಗೆ ನಿನ್ನೆಯಿಂದ ನುಂಗಿಕೊಂಡಿದ್ದದ್ದು ಎದ್ದು ಬಂತು. ಗದ್ದ ತಾನಾಗಿ ಕೆಳಗಿಳಿಯಿತು, ಕಣ್ಣುಗುಡ್ಡೆ ಮೇಲಕ್ಕೆ ಹೋದವು, ದನಿ ಗಂಟಲ ತಳದಿಂದ ಹೊರಟಿತು.

"ಈ ಉಸಿರು ನನ್ನದು. ಮುಟ್ಟಿದವರ ಉಸಿರೂ ನನ್ನದು."

ಗೋದಾಬಾಯಿಯ ಕೈ ಕಳಚಿ ಬಿತ್ತು. ಅವರ ಬಾಯಿ ತೆರೆದೇ ಇತ್ತು. ನಿನ್ನೆ ಸೆರಗಿಗೆ ಒರೆಸಿಕೊಂಡ ಆ ಎರಡು ಕೈಗಳು ಈಗ ತಾವಾಗಿ ನಮಸ್ಕಾರಕ್ಕೆ ಕೂಡಿಕೊಂಡವು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಮುಖದ ಮೇಲಿನ ಹೆದರಿಕೆ ಸುಚೇತಾಳಿಗೆ ತಂಪಾದ ನೀರಿನಂತೆ ಇಳಿಯಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಮಲಗಿದ್ದ ಕೂಸಿನ ಮುಖದ ಮೇಲೆ ಬಗ್ಗಿ, ತುಟಿ ತೆರೆದು, ಸದ್ದು ಕೇಳುವ ಹಾಗೆ ಉಸಿರನ್ನು ಒಳಕ್ಕೆಳೆದಳು.

ಗೋದಾಬಾಯಿ ಗೋಡೆಗೆ ಒರಗಿ ನೆಲಕ್ಕೆ ಕುಸಿದರು.

ಸುಚೇತಾ ನಕ್ಕಳು, ನಗುತ್ತ ತಂಗಿಯ ಕಡೆ ತಿರುಗಿದಳು. ಚಿಕ್ಕವರಿದ್ದಾಗ ಇಬ್ಬರೂ ಚಾದರ ಹೊದ್ದು ಕತ್ತಲಲ್ಲಿ ಯಾರನ್ನಾದರೂ ಹೆದರಿಸಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಜ್ಯೋತ್ಸ್ನಾ ನಗಲಿಲ್ಲ. ಎರಡೂ ಕೈ ಚಾಚಿ ನಿಂತಿದ್ದಳು.

"ಅಕ್ಕಾ, ಕೂಸು ಕೊಡು."

"ಏ ಜ್ಯೋತೀ, ಸುಮ್ನ ಮಾಡಿದ್ನೆ. ಆ್ಯಕ್ಟಿಂಗು."

"ಗೊತ್ತದ. ಕೊಡು."

ಸುಚೇತಾ ಕೊಟ್ಟಳು. ಜ್ಯೋತ್ಸ್ನಾ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. ಅವಳಿಗೆ ತಿಳಿಯದಂತೆಯೇ ಬೆರಳು ಅಲ್ಲಿಗೆ ಹೋಗಿತ್ತು. ಅಕ್ಕ ನೋಡುತ್ತಿದ್ದಾಳೆಂದು ತಿಳಿದು ಚಟ್ಟನೆ ತೆಗೆದಳು.

ಮಧ್ಯಾಹ್ನವೇ ವೆಂಕಣ್ಣ ಹೊರಗೆ ಹೋಗಿ ಒಂದು ಕಾರು ಗೊತ್ತುಮಾಡಿ ಬಂದರು. ಜ್ಯೋತ್ಸ್ನಾ ಅತ್ತೆಯ ಜೊತೆ ಹೊರಟಳು. ತವರಲ್ಲಿ ಇನ್ನೂ ಎರಡು ತಿಂಗಳು ಇರಬೇಕಾಗಿದ್ದವಳು. ಸುಚೇತಾ ಬಾಗಿಲಿಗೆ ಬಂದಾಗ ರಾಧಾಬಾಯಿ, "ನೀ ಒಳಗ ಇರು," ಎಂದರು, ಅವಳ ಮುಖ ನೋಡದೆ.

ದಾರಿಯಲ್ಲೇ ಕೂಸಿನ ಜ್ವರ ಇಳಿಯಿತಂತೆ. ಹಾಲು ಕುಡಿಯಿತಂತೆ. ಹಾಗೆಂದು ಗೋದಾಬಾಯಿ ರಾಮದುರ್ಗದ ತಮ್ಮ ಓಣಿಯಲ್ಲೆಲ್ಲ ಹೇಳಿದರು.

ಸುಚೇತಾ ಕೆಲಸಕ್ಕೆ ಮರಳಿದಳು. ಕಥೆಯಲ್ಲಿ ತಾರಿಣಿ ಇನ್ನಷ್ಟು ಕೆಟ್ಟಿದ್ದಳು. ಈಗ ಊರಿನ ಬಾವಿಗಳೆಲ್ಲ ಅವಳ ಹೆಸರು ಹೇಳಿದರೆ ಬತ್ತುತ್ತಿದ್ದವು. ಒಂದು ದಿನ ಬೆಳಗ್ಗೆ, ಮೇಕಪ್ ಕೋಣೆಯಲ್ಲಿ ಹಣೆಗೆ ಕಪ್ಪು ನರಗಳನ್ನು ಬರೆಸಿಕೊಳ್ಳುತ್ತಿದ್ದಾಗ, ತಡೆಯಲಾರದೆ ತಂಗಿಗೆ ವಿಡಿಯೋ ಕಾಲ್ ಮಾಡಿದಳು.

ಜ್ಯೋತ್ಸ್ನಾ ಎತ್ತಿದಳು. ಮುಖ ಒಂದು ಕ್ಷಣ ಕಂಡಿತು, ಆಮೇಲೆ ಫೋನನ್ನು ಎಲ್ಲೋ ಅಂಗಾತ ಇಟ್ಟಳು. ಮೇಲೆ ಸೂರು, ಅದರಲ್ಲಿ ನಿಧಾನಕ್ಕೆ ತಿರುಗುವ ಫ್ಯಾನು.

"ಆರಾಮಿದ್ದೀ ಏನಕ್ಕಾ?"

"ಆರಾಮಿದ್ದೀನಿ. ಕೂಸು ಹೆಂಗದ? ಒಂದೀಟು ತೋರಸ."

"ಮಲಗ್ಯಾನಕ್ಕಾ. ಈಗಷ್ಟ ಮಲಗಿದ."

ಅವಳ ಮಾತು ಮುಗಿಯುವ ಮೊದಲೇ ಹತ್ತಿರದಲ್ಲೆಲ್ಲೋ ಕೂಸು ಕೇಕೆ ಹಾಕಿತು, ಗೆಜ್ಜೆಯ ಕಾಲು ಬಡಿಯಿತು.

"ಕಣ್ಣು ಮುಚ್ಚಿ ಮೇಡಂ," ಮೇಕಪ್ಪಿನ ಹುಡುಗಿ ಅಂದಳು.

ಸುಚೇತಾ ಮುಚ್ಚಲಿಲ್ಲ. ಕೂಸು ಮತ್ತೊಮ್ಮೆ ನಕ್ಕಿತು. ಪರದೆಯ ಮೇಲೆ ಫ್ಯಾನು ತಿರುಗುತ್ತಿತ್ತು.