ಸೂರ್ಯ ಹಚ್ಚಿದ ಕೆಂಪು ದೀಪ

ಮುದುಕನಿಗೆ ಅರುಳುಮರುಳು, ಇಲ್ಲದ್ದನ್ನು ಕಟ್ಟಿ ಹೇಳುತ್ತಾನೆ ಎನ್ನುವವರು ಮೊದಲು ಬಾಯಿ ಮುಚ್ಚಿ. ಆ ವಿಮಾನದಲ್ಲಿ ರೋಗಿಯ ಪಕ್ಕ ಕೂತಿದ್ದ ನರ್ಸ್ ನಾನು, ನೀವಲ್ಲ. ಪೈಲಟ್ ರೂಥ್ ವೀಬ್ ಪುಕ್ಕಲಿ, ಹೆದರಿ ವಾಪಸ್ ಬಂದಳು ಎಂದು ಅಂಗಡಿ ಮುಂದೆ ಹರಟುತ್ತೀರಲ್ಲ, ಕೇಳಿ.

ಮ್ಯಾನಿಟೋಬಾದ ಈ ಉತ್ತರದಲ್ಲಿ ಚಳಿಗಾಲದ ಸೂರ್ಯ ಮೇಲೇರುವುದಿಲ್ಲ, ಮರದ ತುದಿಗಳಲ್ಲೇ ತೆವಳುತ್ತಾನೆ. ನಮ್ಮ ಹಳೆಯ ಆಂಬುಲೆನ್ಸ್ ವಿಮಾನದ ಎಂಜಿನ್ನಿನೊಳಗೆ ಬೆಂಕಿಯ ಬೆಳಕು ಹುಡುಕುವ ಗಾಜಿನ ಕಣ್ಣುಗಳಿದ್ದವು. ಓರೆ ಬಿಸಿಲು ಸಂದಿಯಲ್ಲಿ ನುಗ್ಗಿದರೆ ಅವಕ್ಕೆ ಅದೂ ಬೆಂಕಿಯೇ. ಪೈಲಟ್ ಮುಂದೆ ಕೆಂಪು ದೀಪ. 'ಸೂರ್ಯ ಕಣ್ಣು ಹೊಡೆದ' ಎನ್ನುತ್ತಿದ್ದೆವು. ವಿಮಾನದ ಮೂತಿಯನ್ನು ಸ್ವಲ್ಪ ಹೊರಳಿಸುವುದು. ದೀಪ ಆರಿದರೆ ಸೂರ್ಯ, ಆರದಿದ್ದರೆ ಬೆಂಕಿ. ಯಾವ ಪುಸ್ತಕದಲ್ಲೂ ಇಲ್ಲದ ನಮ್ಮ ಶಾಸ್ತ್ರ ಅದು.

ಆ ದಿನ ಡೀಲಿಯಾ ಬಿಯರ್ಡಿಗೆ ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ಮಗುವನ್ನು ಗಂಡ ಎಮರಿಯ ಕೈಗೆ ಕೊಟ್ಟು ಇವಳನ್ನು ವಿನಿಪೆಗ್‌ನ ದೊಡ್ಡ ಆಸ್ಪತ್ರೆಗೆ ಹೊರಡಿಸಿದೆವು. ನಾನು ಅವಳ ಹೊಟ್ಟೆಯನ್ನು ಒತ್ತಿ ಹಿಡಿದಿದ್ದೆ.

"ಇದೇನಜ್ಜಾ, ಕೈಯೋ, ಐಸ್ ಕೆಳಗಿನ ಮೀನೋ?"

"ಬಾಯಿ ಇಷ್ಟು ಜೋರಿದ್ರೆ ನೀನು ಸಾಯಲ್ಲ ಬಿಡೇ."

ಆಗಲೇ ಮುಂದೆ ಗಂಟೆ ಹೊಡೆದುಕೊಂಡಿತು. ಎಡ ಎಂಜಿನ್ನಿನ ದೀಪ ಕೆಂಪಗೆ ಹತ್ತಿತ್ತು.

"ಸೂರ್ಯ ಕಣ್ಣು ಹೊಡೀತಿದ್ದಾನೆ ಕಣಮ್ಮ, ಮೂತಿ ತಿರುಗಿಸು!" ಎಂದು ಕೂಗಿದೆ.

ರೂಥ್ ತಿರುಗಿಸಿದಳು. ಆರಲಿಲ್ಲ. ಇನ್ನಷ್ಟು ತಿರುಗಿಸಿದಳು. ಊಹೂಂ.

"ಹೊಗೆ ಬರ್ತಿದ್ಯಾ ನೋಡಿ!"

"ಎಂಜಿನ್ನಿನ ಈ ಕಡೆ ಇಲ್ಲ. ಆಚೆ ಬದಿ ನಂಗೆ ಕಾಣಲ್ಲ!"

ಇನ್ನೇನು ಮಾಡಬೇಕಿತ್ತು ಅವಳು? ಆ ಎಂಜಿನ್ ನಿಲ್ಲಿಸಿ, ಬೆಂಕಿ ನಂದಿಸುವ ಗ್ಯಾಸ್ ಬಿಟ್ಟಳು. ವಿನಿಪೆಗ್ ಬಲು ದೂರ. ಹತ್ತಿರವಿದ್ದದ್ದು ನಾವು ಬಿಟ್ಟುಬಂದ ಊರೇ. ಹಿಂದಕ್ಕೆ ಹೊರಟೆವು. ದಾರಿಯಲ್ಲಿ ಡೀಲಿಯಾಳ ಮಾತು ನಿಂತಿತು. ಇಳಿಯುವ ಮೊದಲೇ ಉಸಿರೂ.

ರೂಥ್ ತಾನೇ ಎಂಜಿನ್ನಿನ ಮುಚ್ಚಳ ತೆಗೆದಳು. ಒಳಗೆ ಒಂದು ಮಸಿ ಕಲೆಯೂ ಇಲ್ಲ. ತಿರುಗಿ, ನಾವು ಹಾರಿಬಂದ ಸರೋವರದ ಕಡೆ ನೋಡಿದಳು. ಗಾಳಿ ಹಿಮವನ್ನೆಲ್ಲ ಗುಡಿಸಿಕೊಂಡು ಹೋಗಿ, ಬರೀ ಮಂಜುಗಡ್ಡೆ ಕನ್ನಡಿಯಂತೆ ಉರಿಯುತ್ತಿತ್ತು. ಮೂತಿ ಹೊರಳಿಸಿ ಮೇಲಿನ ಸೂರ್ಯನಿಂದ ತಪ್ಪಿಸಿಕೊಂಡು, ಮಂಜುಗಡ್ಡೆಯಲ್ಲಿ ಹೊಳೆಯುವ ಕೆಳಗಿನ ಸೂರ್ಯನ ಕೈಗೆ ಸಿಕ್ಕಿದ್ದೆವು.

ರೇಡಿಯೋದಲ್ಲಿ ಬಂದ ಸುದ್ದಿ ಕೇಳಿ ಎಮರಿ ಬಂದ. ಮಗು ಅವನ ಕೋಟಿನೊಳಗಿತ್ತು.

"ಬೆಂಕಿ ಬಿದ್ದಿತ್ತಾ?"

ಹೌದು ಅನ್ನು ಎಂದು ರೂಥಳ ತೋಳು ಹಿಂಡಿದೆ.

"ಇಲ್ಲ" ಎಂದಳು.

"ಮತ್ಯಾಕಮ್ಮ ವಾಪಸ್ ತಂದೆ ಅವಳನ್ನ?"

"ಬಿದ್ದಿದೆ ಅಂದ್ಕೊಂಡೆ."

ಅವನು ವಿಮಾನದ ಮೆಟ್ಟಿಲು ಹತ್ತಿ ಒಳಗೆ ಹೋಗಿ, ಮಗುವನ್ನು ಡೀಲಿಯಾಳ ಪಕ್ಕ ಮಲಗಿಸಿ, ಕೆಳಗೇ ಕೂತುಬಿಟ್ಟ.

ಒಂದು 'ಹೌದು' ಅಂದಿದ್ದರೆ, ಬೆಂಕಿ ಬಿದ್ದ ವಿಮಾನವನ್ನು ಇಳಿಸಿದಳೆಂದು ಊರೆಲ್ಲ ರೂಥಳನ್ನು ಹೊತ್ತು ಮೆರೆಸುತ್ತಿತ್ತು. ಅವಳು ಅನ್ನಲಿಲ್ಲ. ಪುಕ್ಕಲಿಯಂತೆ! ಆ ಮಗು ಈಗ ದೊಡ್ಡವಳಾಗಿ ದಕ್ಷಿಣದಲ್ಲೆಲ್ಲೋ ಇದ್ದಾಳೆ, ಅವಳ ಕಿವಿಗೂ ನಿಮ್ಮ ಹರಟೆಯೇ ಬಿದ್ದಿದೆ. ನನ್ನ ಈ ವಾಯ್ಸ್ ಮೆಸೇಜನ್ನು ಅವಳಿಗೆ ಕಳಿಸಿ. ನನ್ನ ಹತ್ತಿರ ಅವಳ ನಂಬರಿಲ್ಲ.