ಅತ್ತೆಯ ಹೆಸರಿಗೆ ಹೊಸ ಸೂಜಿ

ಮುಚ್ಚಿಡುವುದೇಕೆ, ನನಗೆ ಹೊಟ್ಟೆಕಿಚ್ಚು ಹತ್ತಿತ್ತು. ಅದೂ ನನ್ನ ಸ್ವಂತ ನೆಗೆಣ್ಣಿಯ ಮೇಲೆ.

ನಾನು ತಿಕೋಟಾದ ನೀಲಾ. ನಮ್ಮತ್ತೆ ಬೋರವ್ವ ಲಕ್ವಾ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಉಣಿಸಿದವಳು ನಾನು, ಮೈ ತೊಳೆದವಳು ನಾನು, ಹೊಲಸು ಬಳಿದವಳೂ ನಾನೇ. ವಿಜಯಪುರದಲ್ಲಿರುವ ನೆಗೆಣ್ಣಿ, ಮೈದುನನ ಹೆಂಡತಿ ಸುಧಾರಾಣಿ, ಹಬ್ಬಕ್ಕೊಮ್ಮೆ ಬಾಳೆಹಣ್ಣು ಹಿಡಿದು ಬರುತ್ತಿದ್ದಳು, ಅಷ್ಟೇ. ಅತ್ತೆ ತೀರಿಕೊಂಡು ವರ್ಷವಾಗುತ್ತ ಬಂದಾಗ ಒಂದು ದಿನ ಬಂದವಳೇ ತೋಳು ಮುಂದೆ ಮಾಡಿದಳು. ಅತ್ತೆಯ ಹೆಸರಿನ ಟ್ಯಾಟೂ! ಸುತ್ತ ಎರಡು ಎಳೆ ಹೆಣೆದ ಗಂಟು, ನಮ್ಮ ರಂಗೋಲಿಯ ಹಾಗೆ, ಎಲ್ಲಿ ಸುರುವೋ ಎಲ್ಲಿ ಮುಗಿಯುವುದೋ ಗೊತ್ತಾಗದು.

"ಇದು ಸೆಲ್ಟಿಕ್ ಗಂಟಂತಕ್ಕಾ. ಐರ್ಲೆಂಡ್ ಕಡೇದು," ಅಂದಳು.

ನನ್ನ ಗಂಡ ರಾಮಲಿಂಗ ಕಣ್ಣೊರೆಸಿಕೊಂಡ. "ನೋಡ ನೀಲಾ, ಅವ್ವನ್ನ ಕೈಮ್ಯಾಲೆ ಇಟ್ಕೊಂಡಾಳ ನಮ್ಮ ಸುಧಾ."

ಎರಡು ವರ್ಷದಲ್ಲಿ ನನಗೆ ಒಮ್ಮೆಯಾದರೂ ಇಂಥ ಮಾತು ಆಡಿದ್ದನೇ ಈ ಮನುಷ್ಯ?

ವರ್ಷದ ಎಡೆಗೆ ಹದಿನೈದು ದಿನ ಉಳಿದಿತ್ತು. ಅಂದು ಹಿರಿಸೊಸೆ ನಾನೇ ಎಡೆ ಹಿಡಿಯಬೇಕು, ಬೀಗರೆಲ್ಲರ ಕಣ್ಣು ನನ್ನ ಕೈಮೇಲೆ. ಅಷ್ಟರೊಳಗೆ ಅವಳದಕ್ಕಿಂತ ದೊಡ್ಡದು ನನ್ನ ಕೈಮೇಲಿರಬೇಕು. ಒಂದು ಉಪಾಯವೂ ಹೊಳೆಯಿತು. ಅತ್ತೆಯ ತವರು ನಿಡೋಣಿ. ಅಲ್ಲಿ ಹಚ್ಚೆ ಚುಚ್ಚುವ ಮುರಿಗೆವ್ವನ ಹತ್ತಿರ ಅವಳ ತಾಯಿಯ ಕಾಲದ ಸೂಜಿ ಇದೆ. ಅತ್ತೆಗೆ ಹಚ್ಚೆ ಚುಚ್ಚಿದ್ದೂ ಅದರಿಂದಲೇ. ಅದೇ ಸೂಜಿ ನನ್ನ ಕೈಗೂ ತಾಗಿದರೆ ಸುಧಾರಾಣಿ ಬಾಯಿ ಮುಚ್ಚಬೇಕು!

ಚಿತ್ರವೊಂದು ಬೇಕಿತ್ತಲ್ಲ. ಬಸ್ಸು ಹತ್ತಿ ವಿಜಯಪುರಕ್ಕೆ, ಅವಳಿಗೆ ಟ್ಯಾಟೂ ಹಾಕಿದ ರಾಜಾರಾಮನ ಅಂಗಡಿಗೆ ಹೋದೆ.

"ಸುಧಾರಾಣಿಗೆ ಹಾಕೀರಲ್ಲ, ಆ ಗಂಟು ಕಾಗದದ ಮ್ಯಾಲೆ ಬರೆದು ಕೊಡ್ರಿ. ಚುಚ್ಚಿಸ್ಕೊಳ್ಳೋದು ನಿಡೋಣಿಯೊಳಗ, ನಮ್ಮತ್ತಿಗೆ ಚುಚ್ಚಿದ ಸೂಜೀಲೆ."

ರಾಜಾರಾಮ ಗಾಬರಿಯಾದ. "ಯಕ್ಕಾ, ಆ ಸೂಜಿ ನಿಮ್ಮತ್ತಿ ಒಬ್ಬಾಕಿಗೇ ಚುಚ್ಚೇತೇನ್ರಿ?"

"ಊರಿಗೆಲ್ಲ ಚುಚ್ಚೇತಿ. ಮೊನ್ನೆನೂ ಮೂರು ಮಂದಿಗೆ ಚುಚ್ಚ್ಯಾಳಂತ."

"ಒಬ್ಬರಿಗೆ ಚುಚ್ಚಿದ ಮ್ಯಾಲೆ ಏನ್ ಮಾಡ್ತಾರ?"

"ಅರಿಷಿಣ ನೀರಾಗ ಅದ್ದಿ ಒರೆಸ್ತಾಳ."

"ಒರೆಸಿದ್ರ ರಗತದ ರೋಗ ಹೋಗೂದಿಲ್ರಿ. ಕಣ್ಣಿಗೆ ಕಾಣದಷ್ಟು ರಗತ ಉಳಿದ್ರೂ ಲಿವರ್ ಕೆಡಸೋ ಕಾಮಣಿ ಬರಬಹುದು, ಹೆಪಟೈಟಿಸ್ ಅಂತಾರಲ್ಲ, ಅದು. ಎಚ್‌ಐವಿನೂ ಬರಬಹುದು. ರೋಗ ಇದ್ದಾಕಿಗೆ ತನಗ ಐತಿ ಅನ್ನೋದೇ ಗೊತ್ತಿರೂದಿಲ್ಲ."

"ನಿನ್ನ ಯಾಪಾರ ನಡೀಲಿ ಅಂತ ಹೆದರಸ್ತಿ!"

"ನನ್ನ ಮಾತು ನಂಬಬ್ಯಾಡ್ರಿ. ಸರ್ಕಾರಿ ದವಾಖಾನ್ಯಾಗ ಕೇಳ್ರಿ."

ಅವನು ಮುಚ್ಚಿದ ಸೂಜಿ ಪ್ಯಾಕೆಟ್ ತೋರಿಸಿದ. ಬಂದವರ ಕಣ್ಣೆದುರೇ ಅದನ್ನು ಒಡೆಯುತ್ತಾನಂತೆ. ಕೈಗೆ ಹೊಸ ಗ್ಲೋವ್ಸ್. ಬಣ್ಣ ಪುಟ್ಟ ಬಟ್ಟಲಿಗೆ ಸುರಿದುಕೊಂಡು, ಉಳಿದದ್ದನ್ನು ಚೆಲ್ಲಿಬಿಡುತ್ತಾನೆ.

"ಮತ್ತ ಆ ಗಂಟು ಕೊಡಾಕ ಬರೂದಿಲ್ರಿ. ಒಬ್ಬರ ನೆನಪಿಗೆ ಬರೆದದ್ದನ್ನ ಇನ್ನೊಬ್ಬರಿಗೆ ಹಾಕೂದಿಲ್ಲ ನಾನು," ಎಂದವನು ನನ್ನ ಮುಖ ನೋಡಿದ. "ನೀವು ನೀಲಕ್ಕ ಅಲ್ರಿ? ಆ ಗಂಟಿನಾಗ ಒಂದು ಎಳಿ ಅತ್ತಿ, ಇನ್ನೊಂದು ನೀವು. ಹಂಗಂತ ಹೇಳೇ ಬರೆಸ್ಯಾರ ಅವರು. 'ಅತ್ತಿ ಅಕ್ಕನ ತೊಡಿಮ್ಯಾಲೆ ಜೀವ ಬಿಟ್ರು, ನನಗ ಆ ಪುಣ್ಯ ಸಿಗಲಿಲ್ಲ. ಅಕ್ಕನ್ನ ನೋಡಿದ್ರ ಹೊಟ್ಟಿ ಉರಿತೈತಿ' ಅಂತ ಅತ್ರು."

ಅಯ್ಯ ಶಿವನೇ! ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚು! ಅಂಗಡಿಯಲ್ಲೇ ಕುಳಿತು ಅತ್ತುಬಿಟ್ಟೆ.

ಸಕ್ಕರೆ ಕಾಯಿಲೆ ಇದೆಯೇ ಎಂದು ಆಮೇಲೆ ಕೇಳಿದ. ನಾನು ಎಂದೂ ತಪಾಸಣೆ ಮಾಡಿಸಿದವಳಲ್ಲ. ಮಾಡಿಸಿಕೊಂಡು ಬಂದರೆ ನನ್ನದೇ ನೆನಪಿನ ಚಿತ್ರ ಬರೆದು ಹಾಕುತ್ತೇನೆ ಎಂದ. ತಿಕೋಟಾದ ದವಾಖಾನೆಯಲ್ಲಿ ನರ್ಸ್ ಸಬೀರಾ ರಕ್ತ ನೋಡಿದರು. ಸಕ್ಕರೆ ಏರಿತ್ತು.

"ಹಿಂತಾದ್ರಾಗ ಚುಚ್ಚಿಸ್ಕೊಂಡ್ರ ಗಾಯ ಲಗೂನ ಮಾಯೂದಿಲ್ಲ. ಸದ್ಯಕ್ಕ ಬ್ಯಾಡ," ಎಂದರು. "ಆ ಟ್ಯಾಟೂ ಹುಡುಗ ಹೇಳಿದ್ದು ಖರೇನ ಐತಿ. ಹೆಪಟೈಟಿಸ್ ಬಿ ಬರದಂಗ ಲಸಿಕಿ ಐತಿ. ಸಿ ಮತ್ತ ಎಚ್‌ಐವಿಗೆ ಲಸಿಕಿ ಇಲ್ಲ ನೋಡವಾ."

ಮನೆಗೆ ಬಂದು ಹೇಳಿದರೆ ಗಂಡ ನಕ್ಕ. "ಅವ್ವಗ ಚುಚ್ಚಿದ ಸೂಜಿಗೆ ಯಾಕ ಹೆದರ್ತಿ? ಅದು ದೇವರಂಥಾದ್ದು."

"ನನಗ ರೋಗ ಹತ್ತಿದ್ರ ನಿಮ್ಮವ್ವ ನಗತಿದ್ದಳೇನು?"

ಅವನು ಬಂದು ನನ್ನ ಪಕ್ಕ ಕುಳಿತ. ಆಮೇಲೆ, "ನಿನ್ನ ಕೈಯಾಗ ಉಂಡು ಹ್ವಾದಾಕಿ ನಮ್ಮವ್ವ. ನಾ ಒಂದಿನಾನೂ ಅದನ್ನ ಬಾಯಿಬಿಟ್ಟು ಹೇಳಲಿಲ್ಲ ನೋಡು," ಎಂದ. ಮರುದಿನ ತಾನೇ ನಿಡೋಣಿಗೆ ಹೋಗಿ ಆ ಸೂಜಿ ಇನ್ನು ಯಾರಿಗೂ ಚುಚ್ಚಬೇಡ ಎಂದು ಮುರಿಗೆವ್ವನಿಗೆ ಹೇಳಿ, ಮೊನ್ನೆ ಚುಚ್ಚಿಸಿಕೊಂಡ ಆ ಮೂವರನ್ನೂ ರಕ್ತ ತಪಾಸಣೆಗೆ ಕಳಿಸಿ ಬಂದ.

ವರ್ಷದ ಎಡೆಯನ್ನು ಹಚ್ಚೆಯಿಲ್ಲದ ಕೈಯಲ್ಲೇ ಹಿಡಿದೆ. ಪಕ್ಕದಲ್ಲಿ ಸುಧಾರಾಣಿಯನ್ನೂ ನಿಲ್ಲಿಸಿಕೊಂಡೆ.

ಅಕ್ಕಂದಿರೇ, ತಂಗಿಯರೇ, ಹಚ್ಚೆ ಬೇಡ ಎಂದು ನಾನು ಹೇಳುವುದಿಲ್ಲ. ಹಿರಿಯರ ಹೆಸರು ಹಾಕಿಸಿಕೊಳ್ಳಿ, ಬೇಕಿದ್ದರೆ ಐರ್ಲೆಂಡಿನ ಗಂಟನ್ನೂ ಹಾಕಿಸಿಕೊಳ್ಳಿ. ಆದರೆ ಮೊದಲು ಸಕ್ಕರೆ ನೋಡಿಸಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ. ಒಬ್ಬರಿಗೆ ಚುಚ್ಚಿದ ಸೂಜಿಯಲ್ಲಿ ಈಗಾಗಲೇ ಚುಚ್ಚಿಸಿಕೊಂಡಿದ್ದರೆ ನಾಚದೆ ರಕ್ತ ತಪಾಸಣೆ ಮಾಡಿಸಿ. ಯಾರ ಮೇಲಿನ ಹೊಟ್ಟೆಕಿಚ್ಚಿಗೋ ಹೊರಟಿದ್ದರೆ, ನನ್ನ ಮಾತು ಕೇಳಿ, ಮೊದಲು ಅವರ ಮನೆಗೆ ಹೋಗಿ ಒಂದು ಚಹಾ ಕುಡಿದು ಬನ್ನಿ.